ಸಾಲ ವಸೂಲಿಯ ಕಿರುಕುಳ: ರೈತರು ತಿಳಿದಿರಬೇಕಾದ ಹಕ್ಕುಗಳು

(ರೈತರ ಶಿಬಿರಕ್ಕಾಗಿ ಸಿದ್ಧಪಡಿಸಿದ ಭಾಷಣ)



ಬಿತ್ತನೆಗೆ ಮುಂಚೆ ಸಾಲ, ಕೊಯ್ಲಿನ ನಂತರ ತೀರುವಳಿ. ಇದು ಬೇಸಾಯದಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಮಳೆ ಕೈಕೊಟ್ಟ ವರ್ಷ ಈ ಲೆಕ್ಕ ತಪ್ಪುತ್ತದೆ. ವಾರದ ಕಂತಿನ ಕಿರುಸಾಲವಂತೂ ಕೊಯ್ಲಿನವರೆಗೆ ಕಾಯುವುದಿಲ್ಲ. ಕಂತು ತಪ್ಪಿದ ಕೂಡಲೆ ವಸೂಲಿಗಾರರು ಮನೆಯ ಬಾಗಿಲಲ್ಲಿ ಕೂರುವುದು, ನೆರೆಹೊರೆಯವರ ಎದುರು ಹೆಂಗಸರನ್ನು ನಿಂದಿಸುವುದು ಹಲವು ಕಡೆ ನಡೆದಿದೆ. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಇಂತಹ ಕಾಟಕ್ಕೆ ಅಂಜಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು.

ಪಡೆದ ಸಾಲವನ್ನು ತೀರಿಸುವುದು ಸಾಲಗಾರನ ಕರ್ತವ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲ ಕೊಟ್ಟವರಿಗೆ ಹಣ ಕೇಳುವ ಹಕ್ಕಿದೆಯೇ ಹೊರತು ಮಾನ ಕಳೆಯುವ ಹಕ್ಕಿಲ್ಲ.

ಬಾಕಿ ಉಳಿಯುವುದು ಅಪರಾಧವಲ್ಲ

"ಜೈಲಿಗೆ ಹಾಕಿಸುತ್ತೇವೆ" ಎಂಬ ಬೆದರಿಕೆಗೆ ಹೆದರಬೇಕಾಗಿಲ್ಲ. ಕಂತು ತಪ್ಪುವುದು ಸಿವಿಲ್ ವ್ಯವಹಾರ. ತೀರಿಸಲು ಶಕ್ತಿಯಿಲ್ಲದ ಪ್ರಾಮಾಣಿಕ ಸಾಲಗಾರನನ್ನು ಬಡತನದ ಕಾರಣಕ್ಕೆ ಸೆರೆಗೆ ಹಾಕಲಾಗದೆಂದು ಸುಪ್ರೀಂ ಕೋರ್ಟು 1980ರಲ್ಲಿಯೇ ತೀರ್ಪು ನೀಡಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲವೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೆಯ ಕಲಂ ಹೇಳುತ್ತದೆ. ಆದರೆ ಒಂದು ಎಚ್ಚರಿಕೆ. ಸಾಲಕ್ಕೆ ಕೊಟ್ಟ ಚೆಕ್ಕು ಹಣವಿಲ್ಲದೆ ವಾಪಸಾದರೆ ಕ್ರಿಮಿನಲ್ ಮೊಕದ್ದಮೆಗೆ ದಾರಿಯಾಗುತ್ತದೆ. ಆದ್ದರಿಂದ ಖಾಲಿ ಚೆಕ್ಕಿಗೆ ಎಂದೂ ಸಹಿ ಹಾಕಬಾರದು.

ವಸೂಲಿಗಾರರಿಗಿರುವ ಕಟ್ಟುಪಾಡು

ಬ್ಯಾಂಕುಗಳ ಮತ್ತು ನೋಂದಾಯಿತ ಹಣಕಾಸು ಸಂಸ್ಥೆಗಳ ಕಿರುಸಾಲಗಳಿಗೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮಗಳನ್ನು ವಿಧಿಸಿತು. ಅವುಗಳಲ್ಲಿ ಮುಖ್ಯವಾದವು ಇವು:

ಕಂತು ಕಟ್ಟುವ ಸ್ಥಳವನ್ನು ಇಬ್ಬರೂ ಒಪ್ಪಿ ಗೊತ್ತುಮಾಡಬೇಕು. ಸಾಲಗಾರರು ಸತತವಾಗಿ ಎರಡು ಅಥವಾ ಹೆಚ್ಚು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಅಥವಾ ಕೆಲಸದ ಜಾಗಕ್ಕೆ ಹೋಗಬಹುದು.

ಬೆಳಗ್ಗೆ 9 ಗಂಟೆಗೆ ಮುಂಚೆ, ಸಂಜೆ 6 ಗಂಟೆಯ ನಂತರ ಫೋನು ಮಾಡುವಂತಿಲ್ಲ.

ಬೈಗುಳ, ಬೆದರಿಕೆ, ಹಲ್ಲೆ ಕೂಡದು. ನೆಂಟರಿಷ್ಟರನ್ನು ಕಾಡುವುದು, ಸಾಲಗಾರರ ಹೆಸರನ್ನು ಪ್ರಕಟಿಸುವುದು ಸಹ ನಿಷಿದ್ಧ.

ಸಾಲದ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು. ದಂಡವನ್ನು ಬಾಕಿಬಿದ್ದ ಕಂತಿನ ಮೇಲೆ ಮಾತ್ರ ಹಾಕಬೇಕು, ಇಡೀ ಸಾಲದ ಮೇಲಲ್ಲ.

ಎತ್ತು, ನೇಗಿಲು, ಹೊಲ

ಮನೆಯ ಸಾಮಾನನ್ನು ಎತ್ತಿಕೊಂಡು ಹೋಗುವ ಅಧಿಕಾರ ವಸೂಲಿಗಾರರಿಗಿಲ್ಲ. ಹಣದ ಡಿಕ್ರಿಯ ಮೇಲೆ ಕೋರ್ಟು ಜಪ್ತಿಗೆ ಆಜ್ಞೆ ಮಾಡಿದಾಗಲೂ ರೈತನ ಜೀವನೋಪಾಯಕ್ಕೆ ಬೇಕಾದ ಉಪಕರಣ, ದನಕರು, ಬಿತ್ತನೆ ಬೀಜ, ಅಡಿಗೆ ಪಾತ್ರೆ, ಉಡುವ ಬಟ್ಟೆ ಇವುಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಂ ರಕ್ಷಣೆ ಕೊಡುತ್ತದೆ. ಕೋರ್ಟಿಗೆ ಹೋಗದೆ ಅಡವಿನ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯಿದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಸಾಲದಿಂದಲೇ ಕೊಂಡ ಟ್ರ್ಯಾಕ್ಟರಿನ ಮಾತು ಬೇರೆ. ಆದರೆ ಅದನ್ನೂ ರೌಡಿಗಳನ್ನು ಕಳಿಸಿ ಕಸಿದುಕೊಳ್ಳಲಾಗದು.

ರಾಜ್ಯದ ಹೊಸ ಕಾಯಿದೆ

ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ನಂತರ ಅದು ಕಾಯಿದೆಯಾಯಿತು. ಹಿಂಸೆ, ಅವಮಾನ, ಬೆನ್ನುಹತ್ತಿ ತಿರುಗುವುದು, ಸರ್ಕಾರಿ ಸವಲತ್ತಿನ ದಾಖಲೆಗಳನ್ನು ಕಿತ್ತುಕೊಳ್ಳುವುದು ಇದರಡಿ ಬಲವಂತದ ಕ್ರಮಗಳೆನಿಸುತ್ತವೆ. ಶಿಕ್ಷೆ 6 ತಿಂಗಳಿಂದ 10 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ. ದೂರು ದಾಖಲಿಸಿಕೊಳ್ಳಲು ಪೊಲೀಸರು ನಿರಾಕರಿಸುವಂತಿಲ್ಲ. ಆದರೆ ಈ ಕಾಯಿದೆಯಿಂದ ಎಲ್ಲ ಸಾಲವೂ ಮನ್ನಾ ಆಯಿತೆಂದು ಯಾರೂ ಭಾವಿಸಬಾರದು. ಬ್ಯಾಂಕುಗಳ ಮತ್ತು ನೋಂದಾಯಿತ ಸಂಸ್ಥೆಗಳ ಸಾಲ ಹಾಗೆಯೇ ಉಳಿದಿರುತ್ತದೆ.

ಕಿರುಕುಳವಾದಾಗ ಮಾಡಬೇಕಾದುದು

1. ಬಂದವರ ಹೆಸರು, ಸಂಸ್ಥೆಯ ಗುರುತಿನ ಚೀಟಿ, ಅಧಿಕಾರ ಪತ್ರ ಕೇಳಿ ನೋಡಬೇಕು. ಬಂದ ದಿನ, ವೇಳೆ, ಆಡಿದ ಮಾತು ಮತ್ತು ಅಲ್ಲಿದ್ದ ಸಾಕ್ಷಿಗಳ ಹೆಸರನ್ನು ಅಂದೇ ಬರೆದಿಡಬೇಕು.

2. ರಸೀತಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬಾರದು.

3. ಕಂತು ಕಟ್ಟಲಾಗದಿದ್ದರೆ ತಲೆಮರೆಸಿಕೊಳ್ಳದೆ, ಕಾರಣ ತಿಳಿಸಿ ಗಡುವು ಕೋರಿ ಸಂಸ್ಥೆಗೆ ಪತ್ರ ಬರೆಯಬೇಕು. ಪ್ರಕೃತಿ ವಿಕೋಪದಿಂದ ಬೆಳೆ ಹಾಳಾದ ಪ್ರದೇಶಗಳಲ್ಲಿ ಬೆಳೆಸಾಲದ ಅವಧಿಯನ್ನು ವಿಸ್ತರಿಸಲು ಬ್ಯಾಂಕುಗಳಿಗೆ ಅವಕಾಶವಿದೆ.

4. ಕಿರುಕುಳದ ಬಗ್ಗೆ ಮೊದಲು ಸಂಸ್ಥೆಗೇ ಲಿಖಿತ ದೂರು ಕೊಟ್ಟು ನಕಲು ಇಟ್ಟುಕೊಳ್ಳಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ಮಾಹಿತಿಗೆ ದೂರವಾಣಿ 14448.

5. ಬೆದರಿಕೆ ಅಥವಾ ಹಲ್ಲೆಯಾದರೆ ಕಾಯದೆ 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ದೂರು ದಾಖಲಿಸಬೇಕು.

6. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1987ರ ಕಾನೂನು ಸೇವೆಗಳ ಕಾಯಿದೆಯಡಿ ಉಚಿತ ವಕೀಲರ ನೆರವು ದೊರೆಯುತ್ತದೆ. ಸಹಾಯವಾಣಿ 15100.

ಹೆದರಿ ಊರು ಬಿಟ್ಟರೆ ಹೊಲ ಬೀಳು ಬೀಳುತ್ತದೆ, ಸಾಲವೂ ತೀರುವುದಿಲ್ಲ. ಊರಿನಲ್ಲಿಯೇ ನಿಂತು, ಕಾಗದಪತ್ರ ಇಟ್ಟುಕೊಂಡು, ಕಾಲಾವಕಾಶ ಕೇಳಿ ತೀರಿಸುವುದೇ ಸಾಲಗಾರನಿಗೂ ಸಾಲ ಕೊಟ್ಟವರಿಗೂ ಹಿತ. ವಿಸ್ತರಣಾ ಕಾರ್ಯಕರ್ತರು ಈ ವಿಷಯಗಳನ್ನು ಮಹಿಳಾ ಸಂಘಗಳ ಸಭೆಗಳಲ್ಲಿ ಓದಿ ಹೇಳಿದರೆ, ಅಂಜಿ ಮನೆಯೊಳಗೆ ಕುಳಿತವರಿಗೆ ಧೈರ್ಯ ಬರುತ್ತದೆ.