ದೇವರ ಮಾತು, ಜನರ ಭಾಷೆ



ಜೀವನ್ ಬಿಮಾ ನಗರದಿಂದ ಶಿವಾಜಿನಗರಕ್ಕೆ ಹೊರಟರೆ ದಾರಿಯಲ್ಲಿ ಟ್ರಿನಿಟಿ ವೃತ್ತ ಸಿಗುತ್ತದೆ. ವೃತ್ತಕ್ಕೆ ಆ ಹೆಸರು ಬಂದದ್ದು ಅಲ್ಲಿನ ಹೋಲಿ ಟ್ರಿನಿಟಿ ಚರ್ಚಿನಿಂದ. ಅದು ಪ್ರೊಟೆಸ್ಟೆಂಟ್ ಪರಂಪರೆಯದು. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಕ್ಯಾಥೊಲಿಕರದು. ಕ್ರಿಸ್ತ ಒಬ್ಬನೇ ಆಗಿರುವಾಗ ಚರ್ಚುಗಳು ಬೇರೆಯಾದದ್ದೇಕೆ?

ಉತ್ತರಕ್ಕೆ 1517ರ ಜರ್ಮನಿಗೆ ಹೋಗಬೇಕು. ಪಾಪದ ಶಿಕ್ಷೆಯಿಂದ ವಿನಾಯಿತಿ ಕೊಡುವ ಪತ್ರಗಳ ಮಾರಾಟವನ್ನು ಪ್ರಶ್ನಿಸಿ ಮಾರ್ಟಿನ್ ಲೂಥರ್ 95 ವಾದಗಳನ್ನು ಬರೆದರು. ಅವು ಇದ್ದದ್ದು ವಿದ್ವಾಂಸರ ಲ್ಯಾಟಿನ್‌ನಲ್ಲಿ. ಜರ್ಮನ್‌ಗೆ ಅನುವಾದಗೊಂಡು ಅಚ್ಚಾದ ಮೇಲೆ ಅವು ಜನರ ಬಾಯಿಗೆ ಬಂದವು.

ಮನುಷ್ಯನ ಉದ್ಧಾರ ನಂಬಿಕೆಯೊಂದರಿಂದಲೇ, ಧರ್ಮಕ್ಕೆ ಕೊನೆಯ ಪ್ರಮಾಣ ಬೈಬಲ್ ಮಾತ್ರ ಎಂಬುದು ಲೂಥರ್ ಅವರ ವಾದ. ನಂಬಿಕೆಯ ಜೊತೆಗೆ ದೇವರ ಕೃಪೆಯಿಂದ ಮೂಡುವ ಸತ್ಕಾರ್ಯವೂ ಬೇಕು, ಬೈಬಲಿನ ಜೊತೆಗೆ ಚರ್ಚಿನ ಪರಂಪರೆಯೂ ಪ್ರಮಾಣ ಎಂದು 1545ರಿಂದ 1563ರವರೆಗೆ ನಡೆದ ಟ್ರೆಂಟ್ ಸಭೆ ಉತ್ತರಿಸಿತು. ಯಾವುದನ್ನು ಆಧಾರವೆಂದು ಒಪ್ಪಬೇಕು? ಪ್ರಯೋಗಶಾಲೆಯಲ್ಲಿ ನಾವು ಕೇಳುವ ಪ್ರಶ್ನೆಯೂ ಇದೇ ಅಲ್ಲವೇ?

ಬೈಬಲ್ಲೇ ಪ್ರಮಾಣವಾದರೆ ಎಲ್ಲರೂ ಅದನ್ನು ಓದಬೇಕು. ಓದಲು ಅದು ತಾಯ್ನುಡಿಯಲ್ಲಿರಬೇಕು. 1534ರಲ್ಲಿ ಲೂಥರ್ ಅವರ ಇಡೀ ಬೈಬಲ್ ಜರ್ಮನ್‌ನಲ್ಲಿ ಹೊರಬಂತು. ಆ ವಾದದ ಫಲ ಕನ್ನಡಕ್ಕೂ ದಕ್ಕಿತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ವೇಳೆಗೆ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಆರಂಭಿಸಿದರು. ಅದೇ ಮಿಷನ್ನಿನ ಕಿಟೆಲ್ ಅವರ ನಿಘಂಟು 1894ರಲ್ಲಿ ಪ್ರಕಟವಾಯಿತು.

ಹಾಗಾದರೆ ಕ್ಯಾಥೊಲಿಕರು ಲ್ಯಾಟಿನ್‌ಗೇ ಅಂಟಿಕೊಂಡರೇ? ಪೂಜೆಯಲ್ಲಿ ಹೌದು, ಬೋಧನೆಯಲ್ಲಿ ಅಲ್ಲ. 17ನೇ ಶತಮಾನದಲ್ಲೇ ಮೈಸೂರು ಸೀಮೆಗೆ ಬಂದ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು, ಕನ್ನಡದಲ್ಲೇ ಧರ್ಮಬೋಧೆಯ ಕೃತಿ ರಚಿಸಿದರು. ಕ್ಯಾಥೊಲಿಕ್ ಪೂಜೆಗೆ ಜನಭಾಷೆ ಬಂದದ್ದು 1962–65ರ ಎರಡನೆಯ ವ್ಯಾಟಿಕನ್ ಸಭೆಯ ಫಲವಾಗಿ. ಆಗ ಹೊಸ ಪ್ರಶ್ನೆ ಎದ್ದಿತು: ಜನಭಾಷೆ ಎಂದರೆ ಯಾರ ಭಾಷೆ? ಕನ್ನಡ, ತಮಿಳು, ಇಂಗ್ಲಿಷ್ ಒಟ್ಟಿಗೆ ಕೇಳಿಬರುವ ಬೆಂಗಳೂರಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ಅದು ಕಾವೇರಿದ ವಿವಾದವೇ ಆಯಿತು.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಜಂಟಿ ಘೋಷಣೆಗೆ ಸಹಿ ಹಾಕಿದರು. ಮನುಷ್ಯನ ಉದ್ಧಾರ ದೇವರ ಕೃಪೆಯಿಂದಲೇ ಎಂಬ ಮೂಲ ಮಾತಿನಲ್ಲಿ ಇಬ್ಬರೂ ಒಮ್ಮತಕ್ಕೆ ಬಂದರು. ಭಿನ್ನಾಭಿಪ್ರಾಯಗಳು ಕೆಲವು ಉಳಿದವು.

ಪಠ್ಯಪುಸ್ತಕದಲ್ಲಿ ಈ ವಾದ ಒಂದೆರಡು ಪುಟಗಳಲ್ಲಿ ಮುಗಿದುಹೋಗಬಹುದು. ಯಾವ ವಾದವನ್ನೇ ಓದಿ, ಎರಡೂ ಕಡೆಯವರು ಏನು ಹೇಳಿದರು ಎನ್ನುವುದರ ಜೊತೆಗೆ ಏನು ಮಾಡಿದರು ಎಂಬುದನ್ನೂ ನೋಡಿ. ಆಮೇಲೆ ತೀರ್ಪು ಕೊಡಿ.