ಬೇಸಿಗೆಯ ಓಟ

ಬೇಸಿಗೆಯಲ್ಲಿ ಓಡುವುದೆ? ಅದೂ ನಮ್ಮ ಹಿರೇಹಡಗಲಿಯ ಬಿಸಿಲಿನಲ್ಲಿ? ಎಂದು ನೀವು ನಗಬಹುದು. ಮೊದಲು ನಮ್ಮ ಮನೆಯವರೂ ನಕ್ಕರು.

ಬೆಂಗಳೂರಿನಲ್ಲಿ ಬೇಸಿಗೆಯ ಹತ್ತು ಕಿಲೋಮೀಟರ್ ರಸ್ತೆಯೋಟ 2008ರಲ್ಲಿ ಆರಂಭವಾಯಿತು. ಜಗತ್ತಿನ ಹೆಸರಾಂತ ಓಟಗಾರರು ಅಲ್ಲಿಗೆ ಬರುತ್ತಾರೆ. ಗುಮಾಸ್ತರು, ಗೃಹಿಣಿಯರು, ಪಿಂಚಣಿದಾರರು ಸಾವಿರಗಟ್ಟಲೆ ಸೇರುತ್ತಾರೆ. ಇವರಿಗೆ ಗೆಲ್ಲುವ ಹಂಬಲವಿಲ್ಲ, ಮುಗಿಸಿದರಾಯಿತು. ಅದಕ್ಕೆಂದೇ ನಾವು ನಾಲ್ವರು ಗೆಳೆಯರು ಅಭ್ಯಾಸ ಹಿಡಿದೆವು.

ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಮುಂಜಾವು ತಂಪು. ನಮ್ಮಲ್ಲಿ ಎಂಟು ಗಂಟೆಗೇ ಡಾಂಬರು ಕಾಯುತ್ತದೆ. ಆದುದರಿಂದ ಮಲ್ಲಿಗೆ ಮೊಗ್ಗು ಬಿಡಿಸುವವರು ತೋಟಕ್ಕೆ ಹೋಗುವ ಹೊತ್ತಿಗೆ ನಾವೂ ಕಲ್ಲೇಶ್ವರನ ಗುಡಿಯ ಬಳಿ ಸೇರುತ್ತಿದ್ದೆವು. ಮಾತಾಡುತ್ತ ಓಡಬಲ್ಲಷ್ಟೇ ವೇಗ. ಮಾತು ನಿಂತರೆ ವೇಗ ಹೆಚ್ಚಾಯಿತೆಂದೇ ಅರ್ಥ. ಮೈ ಸೆಕೆಗೆ ಒಗ್ಗಲು ಒಂದೆರಡು ವಾರವಾದರೂ ಬೇಕು.

ಒಂದು ದಿನ ಹೊರಡುವುದು ತಡವಾಯಿತು. ಸದಾ ಹರಟುವ ಗೆಳೆಯ ಸುಮ್ಮನಾದ. ಕೇಳಿದರೆ, “ಏನಿಲ್ರಲೇ, ನಡೀರಿ” ಎಂದ. ಮರುಗಳಿಗೆಯಲ್ಲಿ ಅವನ ಹೆಜ್ಜೆ ತಪ್ಪಿತು. ಬೇವಿನ ನೆರಳಲ್ಲಿ ಮಲಗಿಸಿ, ತಲೆ ಕುತ್ತಿಗೆಗೆ ನೀರು ಸುರಿದು, ಟವೆಲಿನಿಂದ ಗಾಳಿ ಬೀಸಿದೆವು. ಪುಣ್ಯಕ್ಕೆ ಚೇತರಿಸಿಕೊಂಡ, ಉಪ್ಪು ಹಾಕಿದ ಮಜ್ಜಿಗೆ ಕುಡಿದ. ಮಾತು ತೊದಲಿದ್ದರೆ, ಅರಿವು ತಪ್ಪಿದ್ದರೆ, ಬಾಯಿಗೆ ನೀರು ಹೊಯ್ಯದೆ, ಮೈ ತಂಪು ಮಾಡುತ್ತಲೇ ಆಸ್ಪತ್ರೆಗೆ ಒಯ್ಯಬೇಕಾಗುತ್ತಿತ್ತು. ಇದನ್ನು ದಯವಿಟ್ಟು ನೆನಪಿಡಿರಿ. ಒಬ್ಬನೇ ಓಡಿದ್ದರೆ ಅವನ ಮೌನವನ್ನು ಗಮನಿಸುವವರು ಯಾರು?

ಬೆಂಗಳೂರಿನಲ್ಲಿ ನಾಲ್ವರೂ ಒಟ್ಟಿಗೇ ಗುರಿ ಮುಟ್ಟಿದೆವು. ಎಷ್ಟು ಹೊತ್ತು ಹಿಡಿಯಿತೆಂದು ಮಾತ್ರ ಕೇಳಬೇಡಿ.