ಕೋಶಕ್ಕೆ ಸಾಯೋಕೂ ಬಿಡದ ಶಿಗೆಲ್ಲಾ

ನಾನು ಕೋಡ್ ಬರೆಯೋನು, ಬಯಾಲಜಿ ಓದಿದವನಲ್ಲ. ಆದ್ರೂ ರಕ್ತಭೇದಿ ತರೋ ಶಿಗೆಲ್ಲಾ ಬ್ಯಾಕ್ಟೀರಿಯಾದ ಕಿತಾಪತಿ ತಲೆಯಿಂದ ಹೋಗ್ತಿಲ್ಲ.

ನಮ್ಮ ಕರುಳಿನ ಜೀವಕೋಶದಲ್ಲಿ ಕ್ಯಾಸ್ಪೇಸ್-4 ಅನ್ನೋ ಕಾವಲುಗಾರ ಇದ್ದಾನೆ. ಬ್ಯಾಕ್ಟೀರಿಯಾ ನುಗ್ಗಿದ್ದು ಗೊತ್ತಾದ್ರೆ ಗ್ಯಾಸ್ಡರ್ಮಿನ್-ಡಿ ಎಂಬ ಪ್ರೋಟೀನನ್ನು ಕತ್ತರಿಸ್ತಾನೆ. ಆ ತುಂಡುಗಳು ಪೊರೆಗೆ ತೂತು ಕೊರೆಯುತ್ತವೆ, ಕೋಶ ಒಡೆದುಹೋಗುತ್ತೆ. ಮನೆ ಹೋದರೂ ಊರು ಉಳೀಲಿ ಅನ್ನೋ ಲೆಕ್ಕ.

ಶಿಗೆಲ್ಲಾ ಸುಮ್ನಿರುತ್ತಾ? ಸೂಜಿಯಂಥ ಅಂಗದಿಂದ ಓಎಸ್‌ಪಿಸಿ3 ಪ್ರೋಟೀನನ್ನು ಚುಚ್ಚುತ್ತೆ. ಕ್ಯಾಸ್ಪೇಸ್-4ರ ಒಂದೇ ಒಂದು ಆರ್ಜಿನಿನ್‌ಗೆ ರಾಸಾಯನಿಕ ಬೀಗ. ಕಾವಲುಗಾರ ಅಲ್ಲೇ ಇದ್ದಾನೆ, ಕೈ ಮಾತ್ರ ಆಡಲ್ಲ. ಡಿಲೀಟ್ ಮಾಡಿಲ್ಲ, ಒಂದು ಲೈನ್ ಬದಲಿಸಿದೆ ಅಷ್ಟೆ! ಒಡೆಯದ ಕೋಶದೊಳಗೆ ಆರಾಮಾಗಿ ಹೆಚ್ಚುತ್ತೆ. ಓಎಸ್‌ಪಿಸಿ3 ಕಿತ್ತ ಶಿಗೆಲ್ಲಾ ಸೋಂಕಿದಾಗ ಇಲಿಯ ಕೋಶಗಳು ಒಡೆದವು, ಇಲಿಗೆ ರಕ್ಷಣೆ ಸಿಕ್ತು.

ಆಂಟಿಬಯಾಟಿಕ್‌ಗೆ ಬಗ್ಗದ ಶಿಗೆಲ್ಲಾ ಹೆಚ್ಚಾಗ್ತಿದೆ. ಪಿಜಿಲಿರೋರು ಭೇದೀಲಿ ರಕ್ತ ಕಂಡ್ರೆ ಮೆಡಿಕಲ್ ಶಾಪ್ ಮಾತ್ರೆ ನುಂಗ್ಬೇಡಿ, ಡಾಕ್ಟರಿಗೆ ತೋರಿಸಿ.